ಅವ್ವನ ದಮ್ಮು ಪಂಪಿಗೆ ಬಗ್ಗುತ್ತಿಲ್ಲ, ಹಾರ್ಟ್ ಕೂಡ ತೋರಿಸಬೇಕಾ?

ಜಮಖಂಡಿಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಅವ್ವನಿಗೆ 61 ವರ್ಷ. ಬಿಪಿ, ಶುಗರ್ ಎರಡೂ ಇವೆ. ಎರಡು ವರ್ಷದ ಹಿಂದೆ ದಮ್ಮು ಶುರುವಾಯಿತು. ಅಸ್ತಮಾ ಅಂತ ಹೇಳಿ ಬಾಯಿಗೆ ಹೊಡೆದುಕೊಳ್ಳುವ ಪಂಪು (ಇನ್‌ಹೇಲರ್) ಕೊಟ್ಟರು. ಮೊದಮೊದಲು ಹಗುರ ಆಗುತ್ತಿತ್ತು. ಈಗ ಒಂದೂವರೆ ತಿಂಗಳಿಂದ ರಾತ್ರಿ ಒಂದು ಗಂಟೆಗೆಲ್ಲಾ ಎದ್ದು ಕೂರುತ್ತಾಳೆ. ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಬಾಗಿಲು ತೆಗೆದು ಕಟ್ಟೆಗೆ ಬಂದು ಕೂತರೆ ಅರ್ಧ ಗಂಟೆಗೆ ಸರಿಹೋಗುತ್ತದೆ. ಸಂಜೆ ಹೊತ್ತಿಗೆ ಪಾದ ಊದುತ್ತವೆ, ಕಾಲುಂಗುರ ಬಿಗಿದು ಕೂತಿವೆ. ಡಾಕ್ಟರು ಪಂಪಿನ ಡೋಸು ಜಾಸ್ತಿ ಮಾಡಿದ್ದಾರೆ. ಔಷಧಿ ಅಂಗಡಿಯವರು ಮಾತ್ರ "ಒಮ್ಮೆ ಹಾರ್ಟ್ ತೋರಿಸಿ ನೋಡಿ" ಅಂದರು. ಅವ್ವ ಕೇಳುತ್ತಿಲ್ಲ. "ಕಬ್ಬಿನ ಸೀಜನ್ ಅಲ್ವಾ, ರವದಿ ಸುಟ್ಟ ಹೊಗೆಗೆ ಆಗಿದೆ" ಅನ್ನುತ್ತಾಳೆ. ಯಾರ ಮನೆಯಲ್ಲಾದರೂ ಹೀಗೆ ಆಗಿದೆಯಾ? ಏನು ಮಾಡಿಸಿದಿರಿ?

ಬಾಗಲಕೋಟೆ ನವನಗರದಿಂದ:

ಅಣ್ಣಾರೆ, ನೀವು ಬರೆದದ್ದು ಓದುವಾಗ ನಮ್ಮ ಅಪ್ಪಾಜಿ ಕಣ್ಣ ಮುಂದೆ ಬಂದರು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾವು ಏಳು ತಿಂಗಳು ಕಳೆದುಕೊಂಡೆವು, ನೀವು ಕಳೆದುಕೊಳ್ಳಬಾರದು.

ಅಪ್ಪಾಜಿ ಹುನಗುಂದ ತಾಲ್ಲೂಕಿನಲ್ಲಿ ಮಾಸ್ತರರಾಗಿದ್ದರು. ರಿಟೈರ್ ಆದ ಮೂರನೇ ವರ್ಷ ಕೆಮ್ಮು ಹತ್ತಿತು, ಆಮೇಲೆ ದಮ್ಮು. ನಮ್ಮ ಕಡೆ ಗ್ರಾನೈಟ್ ಕೆಲಸ ಜಾಸ್ತಿ, ಇಳಕಲ್ ದಾರಿಯುದ್ದಕ್ಕೂ ಕಲ್ಲಿನ ಧೂಳು. ನಾವೆಲ್ಲ ಅದಕ್ಕೇ ಆಗಿದೆ ಅಂತ ನಂಬಿದೆವು. ನಿಮ್ಮ ಅವ್ವ ರವದಿ ಹೊಗೆ ಅಂದ ಹಾಗೆ. ದವಾಖಾನೆಗೆ ಹೋದಾಗಲೆಲ್ಲ ನೆಬ್ಯುಲೈಸರ್ ಹಿಡಿಸುತ್ತಿದ್ದರು, ಉಸಿರಿನ ಕೊಳವೆ ಹಿಗ್ಗಿಸುವ ಡೆರಿಫಿಲಿನ್ ಇಂಜೆಕ್ಷನ್ ಕೊಡುತ್ತಿದ್ದರು. ಒಂದೆರಡು ಗಂಟೆ ಹಗುರ ಆಗುತ್ತಿತ್ತು. ನಮ್ಮ ದಾರಿ ತಪ್ಪಿಸಿದ್ದೇ ಆ ಹಗುರ. ಔಷಧಿ ನಾಟುತ್ತಿದೆ, ಹಾಗಾದರೆ ಇದು ಅಸ್ತಮಾನೇ ಅಂದುಕೊಂಡೆವು.

ನಡುವೆ ಸ್ಟಿರಾಯ್ಡ್ ಗುಳಿಗೆ ಕೊಟ್ಟರು. ಶುಗರ್ 300 ದಾಟಿತು. ಸ್ಟಿರಾಯ್ಡ್ ಮೈಯಲ್ಲಿ ನೀರು ಹಿಡಿಯುತ್ತದೆ ಅಂತ ನಮಗೆ ಗೊತ್ತಿರಲಿಲ್ಲ. ಕಾಲು ಊದಿದವು. ಮಂಡಿ ನೋವಿಗೆ ಅವರು ತಾವಾಗಿಯೇ ನೋವಿನ ಗುಳಿಗೆ ಬೇರೆ ನುಂಗುತ್ತಿದ್ದರು. ಅದೂ ನೀರು ಹಿಡಿಯುತ್ತದಂತೆ.

ದಿಂಬಿನ ಲೆಕ್ಕ ಹೇಳಬೇಕು ನಿಮಗೆ. ಮೊದಲು ಒಂದು ದಿಂಬು ಇಟ್ಟು ಮಲಗುತ್ತಿದ್ದರು. ದೀಪಾವಳಿ ಹೊತ್ತಿಗೆ ಎರಡಾಯಿತು. ಸಂಕ್ರಾಂತಿಗೆ ಎರಡು ದಿಂಬಿನ ಮೇಲೆ ಮಡಚಿದ ಕೌದಿ ಬಂತು. ಶಿವರಾತ್ರಿ ದಾಟುವಷ್ಟರಲ್ಲಿ ಮಲಗುವುದನ್ನೇ ಬಿಟ್ಟರು. ಕುರ್ಚಿಯಲ್ಲಿ ಕೂತು, ಮುಂದಿನ ಟೇಬಲ್ ಮೇಲೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದರು. ನಾವು ಅದನ್ನು ದಿನಾ ನೋಡುತ್ತಿದ್ದೆವು. ಒಬ್ಬ ಡಾಕ್ಟರಿಗೂ ಹೇಳಲಿಲ್ಲ, ಅದು ಹೇಳುವಂಥ ಮಾತು ಅಂತಲೇ ಅನಿಸಿರಲಿಲ್ಲ.

ಕೊನೆಗೆ ಒಂದು ರಾತ್ರಿ ತುರ್ತು ವಿಭಾಗಕ್ಕೆ ಓಡಿದೆವು. ಅಲ್ಲಿ ಇನ್ನೂ ಓದು ಮುಗಿಸುತ್ತಿದ್ದ ಒಬ್ಬ ಹುಡುಗಿ ಡಾಕ್ಟರು ಇದ್ದರು. ಅವರು ಕೇಳಿದ ಮೊದಲ ಪ್ರಶ್ನೆಯೇ "ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ?" ಅಂತ. ಅಮ್ಮ ಅಲ್ಲೇ ಅತ್ತುಬಿಟ್ಟಳು. ಇಸಿಜಿ ತೆಗೆದರೆ ಹಿಂದೆ ಯಾವಾಗಲೋ ಹೃದಯಾಘಾತ ಆಗಿಹೋದ ಗುರುತು. ಎದೆನೋವು ಅಂತ ಅಪ್ಪಾಜಿ ಒಂದು ದಿನವೂ ಹೇಳಿರಲಿಲ್ಲ. ಶುಗರ್ ಇದ್ದವರಿಗೆ ನೋವೇ ಇಲ್ಲದೆ ಆಗುವುದುಂಟಂತೆ. ಮರುದಿನ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಮಾಡಿದರು. ಹೃದಯದ ಪಂಪಿಂಗ್ 30 ಪರ್ಸೆಂಟ್ ಇತ್ತು. 55ಕ್ಕಿಂತ ಮೇಲಿರಬೇಕು.

ಆ ಡಾಕ್ಟರು ಅಮ್ಮನಿಗೆ ತಿಳಿಯುವ ಹಾಗೆ ಹೇಳಿದರು. ಹೃದಯದ ಎಡಭಾಗ ರಕ್ತವನ್ನು ಮುಂದಕ್ಕೆ ಸರಿಯಾಗಿ ತಳ್ಳದಿದ್ದರೆ ಅದು ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅಲ್ಲಿ ನೀರು ಒಸರಿ ಉಸಿರಿನ ಕೊಳವೆಗಳ ಒಳಗೋಡೆ ಊದುತ್ತದೆ. ಕೊಳವೆ ಸಣ್ಣದಾದರೆ ಸುಂಯ್ ಅನ್ನಲೇಬೇಕು. ಅಸ್ತಮಾದಲ್ಲೂ ಕೊಳವೆ ಸಣ್ಣದಾಗುತ್ತದೆ, ಆದರೆ ಕಾರಣ ಬೇರೆ. ಹಗಲೆಲ್ಲ ಕಾಲಿನಲ್ಲಿ ಇಳಿದಿದ್ದ ನೀರು ಮಲಗಿದಾಗ ರಕ್ತಕ್ಕೆ ಮರಳಿ ಎದೆಗೆ ಬರುತ್ತದೆ. ಅದಕ್ಕೇ ನಿದ್ದೆ ಹತ್ತಿದ ಒಂದೆರಡು ಗಂಟೆಗೆ ಉಸಿರು ಕಟ್ಟಿ ಏಳುವುದು, ಎದ್ದು ಕೂತರೆ ತಿಳಿಯಾಗುವುದು. ಇದಕ್ಕೆ ಕಾರ್ಡಿಯಾಕ್ ಅಸ್ತಮಾ ಅಂತ ಹೆಸರಿದೆ. ಹೆಸರಲ್ಲಿ ಅಸ್ತಮಾ ಇದ್ದರೂ ಅದು ಅಸ್ತಮಾ ಅಲ್ಲ.

ಮೂತ್ರದಲ್ಲಿ ನೀರು ಇಳಿಸುವ ಲ್ಯಾಸಿಕ್ಸ್ ಇಂಜೆಕ್ಷನ್ ನರಕ್ಕೆ ಕೊಟ್ಟರು. ರಾತ್ರಿಯಿಡೀ ಮೂತ್ರ ಹೋಯಿತು. ಮರುದಿನ ರಾತ್ರಿ ಅಪ್ಪಾಜಿ ಒಂದೇ ದಿಂಬಿನ ಮೇಲೆ ಬೆಳಗಿನ ಆರರವರೆಗೆ ಮಲಗಿದರು. ಅಮ್ಮ ಪಕ್ಕದಲ್ಲಿ ಕೂತು ಉಸಿರು ಎಣಿಸುತ್ತಿದ್ದಳು. ಈಗ ನಾಲ್ಕು ವರ್ಷ ಆಯಿತು, ಗುಳಿಗೆ ತಪ್ಪಿಸದೆ ತೆಗೆದುಕೊಂಡು ಚೆನ್ನಾಗಿದ್ದಾರೆ.

ನಿಮ್ಮ ಅವ್ವನದು ಇದೇ ಅಂತ ನಾನು ಹೇಳಲಾರೆ. ಆದರೆ ಮಲಗಿದರೆ ಜಾಸ್ತಿ, ಕೂತರೆ ಕಡಿಮೆ, ಕಾಲು ಊತ, ಜೊತೆಗೆ ಬಿಪಿ, ಶುಗರ್. ಇಷ್ಟು ಇದ್ದ ಮೇಲೆ ಈ ವಾರವೇ ಇಸಿಜಿ, ಎಕೋ ಮಾಡಿಸಿ. ದಿಂಬಿನ ವಿಷಯ ಮರೆಯದೆ ಹೇಳಿ.

ವಿಜಯಪುರದಿಂದ:

ವಯಸ್ಸಾದವರಿಗೆ ಮಾತ್ರ ಹೀಗಾಗುತ್ತದೆ ಅಂತ ಯಾರೂ ತಿಳಿಯಬೇಡಿ. ನಮ್ಮ ವೈನಿಗೆ (ಅಣ್ಣನ ಹೆಂಡತಿಗೆ) ಆಗ 24 ವರ್ಷ. ಬಸಿರಾಗಿ ಐದು ತಿಂಗಳಾಗಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಕೆಮ್ಮು. ಬಸುರಿಯರಿಗೆ ಇದೆಲ್ಲ ಸಹಜ ಅಂದರು. ಆಮೇಲೆ ಅಲರ್ಜಿ ದಮ್ಮು ಅಂದರು. ಕಫದಲ್ಲಿ ರಕ್ತದ ಎಳೆ ಕಂಡಾಗ ಟಿಬಿ ಇರಬಹುದು ಅಂತ ಹೆದರಿದೆವು. ಎಕೋದಲ್ಲಿ ಗೊತ್ತಾಯಿತು, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕಿರಿದಾಗಿತ್ತು. ಚಿಕ್ಕವರಿದ್ದಾಗ ಗಂಟಲು ನೋವು ಬಂದು, ಆಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಓಡಾಡುವ ನೋವು ಬಂದಿತ್ತಂತೆ. ಅದು ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಗುತ್ತದೆ, ವಾಲ್ವ್ ಮಾತ್ರ ಒಳಗೇ ಕೆಡುತ್ತಾ ಹೋಗುತ್ತದೆ. ಬಸಿರಿನಲ್ಲಿ ರಕ್ತದ ಪ್ರಮಾಣ ಏರುತ್ತದಲ್ವಾ, ಕಿರಿದಾದ ವಾಲ್ವಿನಿಂದ ಅಷ್ಟು ರಕ್ತ ದಾಟಲು ಆಗಲಿಲ್ಲ.

ಬಲೂನ್ ಹಾಕಿ ವಾಲ್ವ್ ಹಿಗ್ಗಿಸಿದರು. ಎದೆ ಕೊಯ್ಯಲಿಲ್ಲ, ತೊಡೆಯ ನರದಿಂದಲೇ ಹೋದರು. ಹೆರಿಗೆ ಚೆನ್ನಾಗಿ ಆಯಿತು. ಆ ಜ್ವರ ಮತ್ತೆ ಬರಬಾರದು ಅಂತ ಈಗ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ನಡೆದಿದೆ. ನಮ್ಮ ಅಣ್ಣ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ ಇಟ್ಟಿದ್ದಾನೆ. ಮಕ್ಕಳಿಗೆ ಗಂಟಲು ನೋವು, ಜ್ವರ ಬಂದರೆ ಸುಮ್ನೆ ಬಿಡಬೇಡಿ, ಕೊಟ್ಟ ಔಷಧಿಯ ಕೋರ್ಸ್ ಪೂರ್ತಿ ಮುಗಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಆಧಾರ್, ರೇಷನ್ ಕಾರ್ಡ್ ಒಯ್ಯಿರಿ.

ನಿಪ್ಪಾಣಿಯಿಂದ:

ನನ್ನದು ಉಲ್ಟಾ ಕತೆ. ನನಗೆ ಚಿಕ್ಕಂದಿನಿಂದ ನಿಜವಾದ ಅಸ್ತಮಾ. ನಮ್ಮೂರಲ್ಲಿ ತಂಬಾಕಿನ ಘಾಟು ಎಲ್ಲೆಲ್ಲೂ ಇದೆ. ಆದರೂ ಪಂಪಿನಿಂದ ಹತ್ತು ವರ್ಷ ಆರಾಮ ಇದ್ದೆ. ಹೋದ ವರ್ಷ ಏಕಾಏಕಿ ಕೆಟ್ಟಿತು. ಹಾರ್ಟ್ ಇರಬಹುದು ಅಂತ ಎಲ್ಲ ಪರೀಕ್ಷೆ ಆಯಿತು, ಎಲ್ಲ ನಾರ್ಮಲ್. ಕೊನೆಗೆ ಶ್ವಾಸಕೋಶದ ಡಾಕ್ಟರು ನಾನು ಹಾಕುವ ಔಷಧಿ ಎಲ್ಲ ಚೀಲದಲ್ಲಿ ತರಿಸಿ ಟೇಬಲ್ ಮೇಲೆ ಸುರಿದರು. ಕಣ್ಣಿನ ಒತ್ತಡಕ್ಕೆ ಬರೆದುಕೊಟ್ಟಿದ್ದ ಟಿಮೊಲಾಲ್ ಹನಿಯೇ ಕಾರಣ! ಕಣ್ಣಿಗೆ ಹಾಕಿದ್ದು ರಕ್ತಕ್ಕೆ ಸೇರಿ ಎದೆ ಬಿಗಿಯುತ್ತದೆ ಅಂತ ಯಾರಿಗೆ ಗೊತ್ತು? ಹನಿ ಬದಲಾಯಿಸಿದರು, ವಾರದಲ್ಲಿ ಸರಿಹೋಯಿತು.

ಕೈ ನಡುಕಕ್ಕೆ, ತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್ ಕೂಡ ಅದೇ ಜಾತಿಯದು. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್‌ನಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ, ಅದನ್ನೂ ದಮ್ಮು ಅಂದುಕೊಳ್ಳುತ್ತಾರೆ. ಅವ್ವನ ಬಿಪಿ ಗುಳಿಗೆ ಯಾವುದು ಅಂತ ನೋಡಿ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯದ ಕೆಲವು ಗುಳಿಗೆ ತಟ್ಟನೆ ಬಿಟ್ಟರೆ ಅಪಾಯ.

ಬೆಳಗಾವಿಯಿಂದ:

ನಾನು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಉಸಿರಾಟದ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಊರಿಂದ ಬರುವವರಿಗೆ ಪರೀಕ್ಷೆ ಏನು ಅಂತ ಗೊತ್ತಿಲ್ಲದೆ ಹೆದರಿಕೆ ಇರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಎಕೋ ಅಂದರೆ ಹೊಟ್ಟೆ ಸ್ಕ್ಯಾನಿಂಗ್ ಇದ್ದ ಹಾಗೆಯೇ. ಎದೆಗೆ ಜೆಲ್ ಹಚ್ಚಿ ನೋಡುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಒಂದು ಮಾತು ನೆನಪಿರಲಿ, ಪಂಪಿಂಗ್ 60 ಬಂದಾಕ್ಷಣ ಹಾರ್ಟ್ ಸರಿಯಿದೆ ಅಂತ ಎದ್ದು ಬರಬೇಡಿ. ಬಹಳ ವರ್ಷ ಬಿಪಿ ಇದ್ದವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಹೃದಯದ ಗೋಡೆ ದಪ್ಪಗಾಗಿ ಬಿಗಿಯಾಗಿರುತ್ತದೆ. ಹಿಂಡುವುದು ಸರಿಯಾಗಿಯೇ ಹಿಂಡುತ್ತದೆ, ಸಡಿಲವಾಗಿ ತುಂಬಿಕೊಳ್ಳುವುದಿಲ್ಲ. ಆಗಲೂ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಇಂಥ ಕಡೆ ಬಿಎನ್‌ಪಿ ಅನ್ನುವ ರಕ್ತ ಪರೀಕ್ಷೆ ಸಹಾಯ ಮಾಡುತ್ತದೆ. ದಮ್ಮು ಹತ್ತಿರುವಾಗಲೇ ತೆಗೆದ ರಕ್ತದಲ್ಲಿ ಅದು 100ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಹೃದಯದ ತೊಂದರೆ ಅಲ್ಲ. ದಪ್ಪ ಇರುವವರಲ್ಲಿ ಕಡಿಮೆ ತೋರಿಸುತ್ತದೆ, ಕಿಡ್ನಿ ತೊಂದರೆ ಇದ್ದರೆ ಜಾಸ್ತಿ ತೋರಿಸುತ್ತದೆ. ಹಾಗಾಗಿ ರಿಪೋರ್ಟನ್ನು ಡಾಕ್ಟರೇ ಓದಲಿ.

ನಮ್ಮ ವಿಭಾಗದ ಪರೀಕ್ಷೆ ಸ್ಪೈರೋಮೆಟ್ರಿ. ಜೋರಾಗಿ ಊದಿಸುತ್ತೇವೆ. ಆಮೇಲೆ ಪಂಪು ಕೊಟ್ಟು ಕಾಲು ಗಂಟೆ ಕೂರಿಸಿ ಮತ್ತೆ ಊದಿಸುತ್ತೇವೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಮೊದಲ ಸಲ ಊದಿದ್ದಕ್ಕೆ ಹೋಲಿಸಿದರೆ 12 ಪರ್ಸೆಂಟ್ ಮತ್ತು 200 ಮಿಲಿಗಿಂತ ಹೆಚ್ಚು ಏರಿದರೆ ಅಸ್ತಮಾ ಕಡೆಗೆ ವಾಲುತ್ತದೆ. ಆ ದಿನ ಬೆಳಿಗ್ಗೆ ಪಂಪು ಹೊಡೆಯಬೇಕಾ ಬೇಡವಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಹೊಡೆದುಕೊಂಡು ಬಂದು, ಮತ್ತೊಂದು ದಿನ ಬರಬೇಕಾದವರು ಬಹಳ ಮಂದಿ. ಎಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದವರನ್ನು ಹಾಗೆ ಕಳಿಸುವಾಗ ನಮಗೂ ಸಂಕಟ ಆಗುತ್ತದೆ.

ಮುಧೋಳದಿಂದ:

ಎಲ್ಲರೂ ಹಾರ್ಟ್ ಹಾರ್ಟ್ ಅನ್ನುತ್ತಿದ್ದೀರಿ. ನಮ್ಮ ದೊಡ್ಡವ್ವನಿಗೆ ಎರಡೂ ಇದ್ದವು. ನಲವತ್ತು ವರ್ಷ ಒಲೆ ಮುಂದೆ ರೊಟ್ಟಿ ಬಡಿದವಳು, ಶ್ವಾಸಕೋಶ ಹೊಗೆಯಿಂದ ಕೆಟ್ಟಿತ್ತು. ಜೊತೆಗೆ ಹೃದಯವೂ ಸೋತಿತ್ತು. ಹಾರ್ಟ್ ಅಂತ ಗೊತ್ತಾದ ತಕ್ಷಣ ಮನೆಯವರು ಪಂಪು ಬಿಡಿಸಿದರು. ಎಂಟೇ ದಿನದಲ್ಲಿ ಮತ್ತೆ ಅಡ್ಮಿಟ್. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಕೈಬಿಡಬೇಡಿ ಅಣ್ಣಾ.

ಅಥಣಿಯಿಂದ:

ನಮ್ಮ ಯಜಮಾನರಿಗೆ ಹಾರ್ಟ್ ಫೇಲ್ಯೂರ್ ಇದೆ. ದಿನಾ ಬೆಳಿಗ್ಗೆ ಬಯಲಿಗೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮೊದಲು ತೂಕ ನೋಡಿ ಬರೆದಿಡುತ್ತೇನೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡುತ್ತೇನೆ, ಎಷ್ಟೋ ಸಲ ಅಡ್ಮಿಟ್ ಆಗುವುದು ತಪ್ಪಿದೆ. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ. ನಮ್ಮ ಊಟದಲ್ಲಿ ಉಪ್ಪು ಅಡಗಿರುವುದು ಪಲ್ಯದಲ್ಲಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಚ್ಚಿದ ಮೆಣಸಿನಕಾಯಿಯಲ್ಲಿ. ಶೇಂಗಾ ಚಟ್ನಿಯನ್ನು ಉಪ್ಪಿಲ್ಲದೆ ಕುಟ್ಟಿ ಲಿಂಬೆ ಹಿಂಡಿ ಕೊಡುತ್ತೇನೆ. ಮೊದಲ ತಿಂಗಳು ಸಿಟ್ಟು ಮಾಡಿದರು, ಈಗ ಅದೇ ರುಚಿ ಅನ್ನುತ್ತಾರೆ.

ಮತ್ತೆ, ರಾತ್ರಿ ತುಟಿ ನೀಲಿಯಾದರೆ, ಒಂದು ವಾಕ್ಯ ಮಾತಾಡಲೂ ಉಸಿರು ಸಾಲದಿದ್ದರೆ, ಗುಲಾಬಿ ಬಣ್ಣದ ನೊರೆ ಕಫ ಬಂದರೆ, ತಣ್ಣನೆ ಬೆವರಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕಾಲು ಕೆಳಗೆ ಬಿಟ್ಟು ನೆಟ್ಟಗೆ ಕೂರಿಸಿ 108ಕ್ಕೆ ಫೋನ್ ಮಾಡಿ. ಮಲಗಿಸಬೇಡಿ.

ಜಮಖಂಡಿಯಿಂದ, ಒಂಬತ್ತು ದಿನದ ಮೇಲೆ:

ಎಲ್ಲರಿಗೂ ಕೈ ಮುಗಿಯುತ್ತೇನೆ. ನವನಗರದ ಅಕ್ಕಾರು ಬರೆದ ದಿಂಬಿನ ಮಾತನ್ನು ಅವ್ವನಿಗೆ ಓದಿ ಹೇಳಿದೆ. "ನನಗೂ ಮೂರು ಆಗ್ಯಾವಲ್ಲೋ" ಅಂದಳು. ಅವತ್ತೇ ಹೊರಡಲು ಒಪ್ಪಿದಳು. ಬಾಗಲಕೋಟೆಯಲ್ಲಿ ತೋರಿಸಿದೆವು. ಎಕೋದಲ್ಲಿ ಪಂಪಿಂಗ್ 58. ಆದರೆ ಬೆಳಗಾವಿಯವರು ಬರೆದ ಹಾಗೆಯೇ ಗೋಡೆ ದಪ್ಪ, ಬಿಗಿ. ಎಕ್ಸ್‌ರೇಯಲ್ಲಿ ಶ್ವಾಸಕೋಶದಲ್ಲಿ ನೀರು. ಮೂತ್ರ ಹೋಗುವ ಗುಳಿಗೆ ಶುರು ಮಾಡಿ ಬಿಪಿ ಗುಳಿಗೆ ಬದಲಾಯಿಸಿದ್ದಾರೆ. ಅಸ್ತಮಾ ಕೂಡ ಇದೆಯಾ ಅಂತ ಈಗಲೇ ಹೇಳಲು ಬರುವುದಿಲ್ಲವಂತೆ. ನೀರು ಪೂರ್ತಿ ಇಳಿದ ಮೇಲೆ, ಎರಡು ವಾರ ಬಿಟ್ಟು ಊದುವ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಪಂಪು ಬಿಡಬೇಡಿ ಅಂದಿದ್ದಾರೆ.

ತೂಕದ ಮಷಿನ್ ತಂದಿದ್ದೇನೆ. ಐದು ದಿನದಲ್ಲಿ ಮೂರು ಕಿಲೋ ಇಳಿದಿದೆ. ನಿನ್ನೆ ರಾತ್ರಿ ಎರಡು ದಿಂಬಿಗೆ ಮಲಗಿದಳು, ಒಂದು ಗಂಟೆಗೆ ನಾನೇ ಎಚ್ಚರವಾಗಿ ಹೋಗಿ ನೋಡಿದೆ, ನಿದ್ದೆಯಲ್ಲಿದ್ದಳು. ಬೆಳಿಗ್ಗೆ ಕಾಲುಂಗುರ ತಿರುಗಿಸಿ ತೋರಿಸಿದಳು.