ಪೋಕರ್ ಆಡುವ ಪ್ರೋಗ್ರಾಂ ಬ್ಲಫ್ ಮಾಡುವುದು ಹೇಗೆ? ಅದನ್ನು ಗೊತ್ತಿಲ್ಲದ ಜನರ ಎದುರು ಆಡಿಸುವುದು ಸರಿಯೇ?

ವಿದ್ಯಾನಗರದ ಮೇಷ್ಟ್ರು (ಹುಬ್ಬಳ್ಳಿ) ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಪದವಿ ಕಾಲೇಜೊಂದರಲ್ಲಿ ಗಣಕ ವಿಜ್ಞಾನ ಕಲಿಸುತ್ತೇನೆ. ಅಂತಿಮ ವರ್ಷದ ಬಿಸಿಎ ವಿದ್ಯಾರ್ಥಿಗಳ ಒಂದು ತಂಡ ಪೋಕರ್ ಆಡುವ ಪ್ರೋಗ್ರಾಂ ಬರೆಯುವುದನ್ನು ತನ್ನ ಪ್ರಾಜೆಕ್ಟ್ ಆಗಿ ಆರಿಸಿಕೊಂಡಿದೆ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚದುರಂಗದಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ ಬಗೆ ನನಗೆ ತಿಳಿಯುತ್ತದೆ, ಏಕೆಂದರೆ ಅಲ್ಲಿ ಎಲ್ಲ ಕಾಯಿಗಳೂ ಇಬ್ಬರಿಗೂ ಕಾಣುತ್ತವೆ ಮತ್ತು ಮುಂದಿನ ನಡೆಗಳನ್ನು ಲೆಕ್ಕ ಹಾಕುತ್ತ ಹೋಗಬಹುದು. ಪೋಕರ್‌ನಲ್ಲಿ ಎದುರಾಳಿಯ ಎರಡು ಎಲೆಗಳು ಮುಚ್ಚಿರುತ್ತವೆ. 52 ಎಲೆಗಳಿಂದ ಅಂಥ 1,326 ಜೋಡಿಗಳು ಸಾಧ್ಯ. ಅದಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಏನೂ ಇಲ್ಲದೆಯೂ ದೊಡ್ಡ ಬಾಜಿ ಕಟ್ಟಿ ಎದುರಿನವನನ್ನು ಹಿಂದೆ ಸರಿಸುವ ಬ್ಲಫ್ ಎಂಬುದು ಈ ಆಟದ ಜೀವಾಳ. ಮುಖ ನೋಡಲಾರದ, ಭಯವೂ ಆಸೆಯೂ ಇಲ್ಲದ ಯಂತ್ರ ಇದನ್ನು ಕಲಿಯುವುದು ಹೇಗೆ?

ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತಿದೆ. ಪ್ರೋಗ್ರಾಂ ಸಿದ್ಧವಾದ ಮೇಲೆ ಅದನ್ನು ಯಾರಿಗೂ ತಿಳಿಸದೆ ಆನ್‌ಲೈನ್ ತಾಣವೊಂದರಲ್ಲಿ ಜನರ ಎದುರು ಆಡಿಸಿ ಪರೀಕ್ಷಿಸಬೇಕೆಂದು ಹುಡುಗರು ಹೇಳುತ್ತಿದ್ದಾರೆ. "ಬುದ್ಧಿ ನಮ್ಮದೇ, ಮೊದಲೇ ಬರೆದಿಟ್ಟಿದ್ದೇವೆ ಅಷ್ಟೇ" ಎಂಬುದು ಅವರ ವಾದ. ನನಗೆ ಇದು ತಪ್ಪೆಂದು ತೋರುತ್ತದೆ, ಆದರೆ ಬರೀ ಬೇಡವೆಂದು ಗದರಿಸುವುದಕ್ಕಿಂತ ಅವರಿಗೆ ಒಪ್ಪಿಗೆಯಾಗುವ ಕಾರಣವನ್ನು ಕೊಡಬೇಕೆಂದಿದ್ದೇನೆ.

ಗಣಿತದಾಕೆ (ಧಾರವಾಡ) ಉತ್ತರಿಸಿದ್ದಾರೆ:

ಮೇಷ್ಟ್ರೇ, ಮೊದಲ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಬ್ಲಫ್ ಮಾಡುವುದು ಮನಸ್ಸನ್ನು ಓದುವ ವಿದ್ಯೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ.

ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಸೇರುವ ಒಟ್ಟು ಪಣದಲ್ಲಿ, 100 ಅಂಕಗಳಿವೆ, ಕೊನೆಯ ಸುತ್ತಿನಲ್ಲಿ ನಾನು ಇನ್ನೂ 100 ಕಟ್ಟುತ್ತೇನೆ ಎಂದುಕೊಳ್ಳಿ. ನನ್ನ ಎಲೆ ನೋಡಬೇಕಾದರೆ ನೀವು 100 ಕೊಡಬೇಕು, ಗೆದ್ದರೆ ನಿಮಗೆ 200 ಲಾಭ. ಅಂದರೆ ಮೂರು ಸಲದಲ್ಲಿ ಒಂದು ಸಲ ನಾನು ಬ್ಲಫ್ ಮಾಡುತ್ತಿದ್ದರೆ ನಿಮ್ಮ ಲೆಕ್ಕ ಸರಿಸಮವಾಗುತ್ತದೆ. ಎಲೆ ನೋಡಿದರೂ ಅಷ್ಟೇ, ಬಿಟ್ಟುಕೊಟ್ಟರೂ ಅಷ್ಟೇ. ನಾನು ಅದಕ್ಕಿಂತ ಹೆಚ್ಚು ಬ್ಲಫ್ ಮಾಡಿದರೆ ನೀವು ಪ್ರತಿ ಸಲವೂ ನೋಡಿ ನನ್ನನ್ನು ಸೋಲಿಸುತ್ತೀರಿ. ಎಂದೂ ಬ್ಲಫ್ ಮಾಡದಿದ್ದರೆ ನೀವು ಪ್ರತಿ ಸಲವೂ ಎಲೆ ಎಸೆದು ಹಣ ಉಳಿಸಿಕೊಳ್ಳುತ್ತೀರಿ. ಹೀಗೆ ಬ್ಲಫ್‌ನ ಪ್ರಮಾಣವನ್ನು ಆಟದ ಲೆಕ್ಕವೇ ಗೊತ್ತುಮಾಡುತ್ತದೆ, ಎದುರಾಳಿಯ ಮುಖವನ್ನು ನೋಡುವ ಅಗತ್ಯ ಬೀಳುವುದಿಲ್ಲ. ನಮ್ಮ ಕಡೆಯ ಅಂದರ್ ಬಾಹರ್‌ನಲ್ಲಿ ಪಣ ಕಟ್ಟಿದ ಮೇಲೆ ಆಟಗಾರ ತೀರ್ಮಾನಿಸುವುದು ಏನೂ ಉಳಿಯುವುದಿಲ್ಲವಾದ್ದರಿಂದ ಯಾವ ಪ್ರೋಗ್ರಾಂ ಬಂದರೂ ಅಲ್ಲಿ ಮಾಡುವುದೇನೂ ಇಲ್ಲ. ಪೋಕರ್‌ನಲ್ಲಿ ಪ್ರತಿ ಸುತ್ತಿನಲ್ಲೂ ತೀರ್ಮಾನವಿದೆ.

ಈ ಪ್ರಮಾಣವನ್ನು ಯಂತ್ರ ತಾನೇ ಕಂಡುಕೊಳ್ಳುವ ವಿಧಾನವೊಂದು 2007ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರ ಸಂಶೋಧನೆಯಿಂದ ಬಂತು. ಪ್ರೋಗ್ರಾಂ ತನ್ನೊಡನೆ ತಾನೇ ಆಡುತ್ತದೆ, ಮೊದಮೊದಲು ಮನಸೋಇಚ್ಛೆ. ಪ್ರತಿ ಆಟ ಮುಗಿದ ಮೇಲೆ, "ಇಲ್ಲಿ ಎಲೆ ಎಸೆಯುವ ಬದಲು ಬಾಜಿ ಏರಿಸಿದ್ದರೆ ಎಷ್ಟು ಹೆಚ್ಚು ಬರುತ್ತಿತ್ತು?" ಎಂದು ಲೆಕ್ಕ ಹಾಕಿ, ಆ ವ್ಯತ್ಯಾಸವನ್ನು ಕೂಡಿಸಿಡುತ್ತದೆ. ಯಾವ ನಡೆಯ ಹೆಸರಿನಲ್ಲಿ ಹೆಚ್ಚು ಬಾಕಿ ಕೂಡಿದೆಯೋ ಆ ನಡೆಯನ್ನು ಮುಂದೆ ಹೆಚ್ಚಾಗಿ ಆಡುತ್ತದೆ. ಇಬ್ಬರ ಆಟದಲ್ಲಿ, ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟವೇ ಆಗಿರುವಾಗ, ಹೀಗೆ ಆಡಿದ ಎಲ್ಲ ಆಟಗಳ ಸರಾಸರಿ ತಂತ್ರವು ನ್ಯಾಶ್ ಸಮತೋಲನದ (ಯಾರೊಬ್ಬರೂ ತಮ್ಮ ತಂತ್ರವನ್ನಷ್ಟೇ ಬದಲಿಸಿ ಹೆಚ್ಚು ಗಳಿಸಲಾಗದ ಸ್ಥಿತಿ) ಹತ್ತಿರಕ್ಕೆ ಹೋಗುತ್ತದೆಂದು ಗಣಿತದಿಂದ ಸಾಧಿಸಲಾಗಿದೆ. ಬ್ಲಫ್ ಮಾಡು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ.

2015ರ ಜನವರಿಯಲ್ಲಿ ಅದೇ ವಿಶ್ವವಿದ್ಯಾಲಯದ ಮೈಕೆಲ್ ಬೌಲಿಂಗ್ ಅವರ ತಂಡ ಸೆಫಿಯಸ್ ಎಂಬ ಪ್ರೋಗ್ರಾಮನ್ನು ಪ್ರಕಟಿಸಿತು. ಇಬ್ಬರು ಆಡುವ, ಬಾಜಿಗೆ ಮಿತಿಯಿರುವ ಹೋಲ್ಡೆಮ್ ಎಂಬ ಬಗೆಯ ಪೋಕರ್‌ನಲ್ಲಿ ಒಬ್ಬ ಮನುಷ್ಯ ಆಯುಷ್ಯವಿಡೀ ಆಡಿದರೂ ಅದನ್ನು ಗೆಲ್ಲಬಹುದೆಂದು ಖಚಿತವಾಗಿ ತೋರಿಸಲಾರ. ಬಾಜಿಗೆ ಮಿತಿಯಿಲ್ಲದ ಆಟದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕ್ಲಾಡಿಕೊ 2015ರಲ್ಲಿ ವೃತ್ತಿಪರರ ಎದುರು ಹಿಂದೆ ಬಿತ್ತು. 2017ರ ಜನವರಿಯಲ್ಲಿ ಅಲ್ಲಿಯದೇ ಲಿಬ್ರೇಟಸ್, ಪಿಟ್ಸ್‌ಬರ್ಗ್‌ನ ಕ್ಯಾಸಿನೊದಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 20 ದಿನಗಳಲ್ಲಿ 1,20,000 ಆಟಗಳನ್ನಾಡಿ 17 ಲಕ್ಷ ಡಾಲರ್‌ಗೂ ಹೆಚ್ಚು ಮೌಲ್ಯದ ಚಿಪ್‌ಗಳಿಂದ ಮುಂದಿತ್ತು. ಹಗಲಿನಲ್ಲಿ ಆಟಗಾರರು ತನ್ನ ತಂತ್ರದ ಯಾವ ಬಿರುಕುಗಳನ್ನು ಹುಡುಕಿದರೋ ಅವುಗಳನ್ನು ಅದು ರಾತ್ರಿ ಲೆಕ್ಕ ಮಾಡಿ ಮುಚ್ಚಿಕೊಳ್ಳುತ್ತಿತ್ತು. 2019ರ ಪ್ಲೂರಿಬಸ್ ಆರು ಜನರ ಆಟಕ್ಕೂ ಕೈಹಾಕಿತು. ಅಷ್ಟು ಜನರಿರುವಲ್ಲಿ ಮೇಲೆ ಹೇಳಿದ ಗಣಿತದ ಭರವಸೆ ಇಲ್ಲ, ಆದರೂ ಅದು ಗೆದ್ದಿತು. ನಿಮ್ಮ ವಿದ್ಯಾರ್ಥಿಗಳಿಗೆ ಹುರುಪು ತರುವ ಸಂಗತಿಯೆಂದರೆ, ಅದರ ತರಬೇತಿಗೆ 64 ಕೋರ್‌ಗಳ ಒಂದು ಸರ್ವರ್‌ನಲ್ಲಿ 8 ದಿನ ಹಿಡಿಯಿತು, ಕ್ಲೌಡ್ ಬಾಡಿಗೆಯ ದರದಲ್ಲಿ ಅದರ ವೆಚ್ಚ 150 ಡಾಲರ್‌ಗಿಂತ ಕಡಿಮೆ.

ಬೆಟಗೇರಿಯವ (ಗದಗ) ಉತ್ತರಿಸಿದ್ದಾರೆ:

ಧಾರವಾಡದ ಅಕ್ಕಾವರು ಬರೆದದ್ದಕ್ಕೆ ಒಂದು ಮಾತು ಸೇರಿಸಬೇಕಾಗಿದೆ. ನನ್ನ ಊರು ಗದಗ. ಬೆಂಗಳೂರಿನಲ್ಲಿ ಇಸ್ಪೀಟ್ ಆಟಗಳ ತಾಣವೊಂದರಲ್ಲಿ ಮೋಸ ಪತ್ತೆಹಚ್ಚುವ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ.

ಜನರ ನಡುವೆ ಅಡಗಿ ಆಡುವ ಬಾಟ್‌ಗಳು, ಅಂದರೆ ಮನುಷ್ಯರ ಬದಲು ತಾವೇ ಆಡುವ ಪ್ರೋಗ್ರಾಂಗಳು, ಲಿಬ್ರೇಟಸ್‌ನಷ್ಟು ಬಲಶಾಲಿಯಾಗಿರಬೇಕಿಲ್ಲ. ಸಾಧಾರಣ ಬಾಟ್ ಕೂಡ ದಣಿಯುವುದಿಲ್ಲ, ಸೋತ ಸಿಟ್ಟಿನಲ್ಲಿ ಬಾಜಿ ಏರಿಸುವುದಿಲ್ಲ, ಏಕಕಾಲಕ್ಕೆ ಹತ್ತಾರು ಮೇಜುಗಳಲ್ಲಿ ಕೂರುತ್ತದೆ. ಸಂಜೆ ಕೆಲಸ ಮುಗಿಸಿ ಬಂದು ಆಡುವ ಹವ್ಯಾಸಿಗಳಿಂದ ಅದು ಪ್ರತಿ ಆಟಕ್ಕೆ ಅತ್ಯಲ್ಪ ಗಳಿಸಿದರೂ ತಿಂಗಳ ಕೊನೆಗೆ ಮೊತ್ತ ದೊಡ್ಡದಾಗುತ್ತದೆ. ಇದಕ್ಕಿಂತಲೂ ಕೆಟ್ಟದ್ದು, ಒಬ್ಬನೇ ನಾಲ್ಕು ಖಾತೆಗಳಲ್ಲಿ ನಾಲ್ಕು ಬಾಟ್‌ಗಳನ್ನು ಒಂದೇ ಮೇಜಿಗೆ ಕೂರಿಸಿ, ಅವುಗಳ ಮುಚ್ಚಿದ ಎಲೆಗಳನ್ನು ಪರಸ್ಪರ ತಿಳಿಸುವುದು. ಆಗ ಎಂಟು ಎಲೆಗಳು ಅವನ ಕಣ್ಣ ಮುಂದಿರುತ್ತವೆ, ಎದುರಿನ ಮನುಷ್ಯನಿಗೆ ಎರಡು ಮಾತ್ರ. ಇದನ್ನು ಯಾವ ಜಾಣ್ಮೆಯಿಂದಲೂ ಸರಿದೂಗಿಸಲಾಗದು.

ಪತ್ತೆಹಚ್ಚುವವರು ನೋಡುವುದು ಮುಖ್ಯವಾಗಿ ಸಮಯವನ್ನು. ಸುಲಭದ ತೀರ್ಮಾನಕ್ಕೂ ಕಠಿಣ ತೀರ್ಮಾನಕ್ಕೂ ಒಂದೇ ಅವಧಿ ಹಿಡಿಯುವುದು, ಗುಂಡಿಯ ಅದೇ ಬಿಂದುವಿನ ಮೇಲೆ ಮತ್ತೆ ಮತ್ತೆ ಒತ್ತುವುದು, ಊಟ ನಿದ್ದೆಗಳಿಲ್ಲದ ಆಟ, ಬೇರೆ ಬೇರೆ ಖಾತೆಗಳ ಅಂಕಿಅಂಶಗಳು ಅವಳಿಗಳಂತೆ ಹೊಂದುವುದು ಇವೆಲ್ಲ ಸುಳಿವುಗಳು. ಬಾಟ್ ಬರೆಯುವವರೂ ಇದನ್ನು ಬಲ್ಲರು, ಬೇಕೆಂದೇ ತಡಮಾಡುವುದನ್ನು ಸೇರಿಸುತ್ತಾರೆ. ಆದ್ದರಿಂದ ಯಾವುದೋ ಒಂದು ಸುಳಿವಿನಿಂದ ತೀರ್ಪು ಕೊಡಲಾಗುವುದಿಲ್ಲ, ಸಾವಿರಾರು ಆಟಗಳ ದಾಖಲೆಯನ್ನು ಒಟ್ಟಾಗಿ ನೋಡಬೇಕಾಗುತ್ತದೆ.

ಮೇಷ್ಟ್ರೇ, ನಿಮ್ಮ ಹುಡುಗರಿಗೆ ನಾನು ಕೊಡುವ ಕಾರಣ ಇದು. ಪಿಟ್ಸ್‌ಬರ್ಗ್‌ನ ನಾಲ್ವರಿಗೂ ಎದುರಿಗೆ ಯಂತ್ರವಿದೆ ಎಂದು ಗೊತ್ತಿತ್ತು, ಒಪ್ಪಿಯೇ ಕುಳಿತಿದ್ದರು, ರಾತ್ರಿ ಕೂಡಿ ಟಿಪ್ಪಣಿ ಹಂಚಿಕೊಳ್ಳುವ ಅವಕಾಶವಿತ್ತು, ಅವರ ಶ್ರಮಕ್ಕೆಂದು 2 ಲಕ್ಷ ಡಾಲರ್ ಹಂಚಲಾಯಿತು. ಅದೃಷ್ಟದ ಪಾಲು ಕಡಿಮೆಯಾಗಲೆಂದು ಒಬ್ಬನಿಗೆ ಬಂದ ಎಲೆಗಳನ್ನು ಬೇರೊಂದು ಕೋಣೆಯಲ್ಲಿ ಯಂತ್ರಕ್ಕೆ ಕೊಟ್ಟು ಆಡಿಸಿದ್ದರು. ತಾಣದಲ್ಲಿ ಗುಟ್ಟಾಗಿ ಆಡಿಸಿದರೆ ಇವುಗಳಲ್ಲಿ ಒಂದೂ ಇರುವುದಿಲ್ಲ. ಎದುರಿನವನು ಮನುಷ್ಯನೊಡನೆ ಆಡಲು ಒಪ್ಪಿ ಹಣ ಇಟ್ಟಿರುತ್ತಾನೆ. ಆ ಒಪ್ಪಿಗೆಯನ್ನು ಸುಳ್ಳು ಮಾಡಿ ಪಡೆದ ಪ್ರತಿ ರೂಪಾಯಿಯೂ ಕಿತ್ತುಕೊಂಡದ್ದೇ. ಬ್ಲಫ್ ಆಟದ ನಿಯಮದ ಒಳಗಿನ ಮರೆಮಾಚುವಿಕೆ, ಅದನ್ನು ಎಲ್ಲರೂ ಒಪ್ಪಿರುತ್ತಾರೆ. ಆಡುತ್ತಿರುವವರು ಯಾರು ಎಂಬುದನ್ನೇ ಮರೆಮಾಚಲು ಯಾರೂ ಒಪ್ಪಿರುವುದಿಲ್ಲ.

ವರದಾ ತೀರ (ಹಾವೇರಿ) ಉತ್ತರಿಸಿದ್ದಾರೆ:

ವಕೀಲನಾಗಿ ಕಾನೂನಿನ ಮಾತನ್ನಷ್ಟೇ ಹೇಳುತ್ತೇನೆ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಗೊಳಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಎಣಿಸದೆ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡವಿದೆ. ಆದ್ದರಿಂದ ಹಣದ ತಾಣದಲ್ಲಿ ಪರೀಕ್ಷೆ ಎಂಬ ಯೋಚನೆಯನ್ನು ಇಲ್ಲಿಗೇ ಕೈಬಿಡಿ. ಹಣವಿಲ್ಲದ ತಾಣವಾದರೂ ಅದರ ಷರತ್ತುಗಳು ಬಾಟ್‌ಗೆ ಅವಕಾಶ ಕೊಟ್ಟಿವೆಯೇ ಎಂದು ಓದಿಸಿರಿ.

ವಿದ್ಯಾನಗರದ ಮೇಷ್ಟ್ರು (ಹುಬ್ಬಳ್ಳಿ):

ಮೂವರಿಗೂ ಕೃತಜ್ಞತೆಗಳು. ಬ್ಲಫ್‌ಗೂ ಬಾಟ್‌ನ ಗುಟ್ಟಿಗೂ ಇರುವ ಅಂತರವನ್ನು ತರಗತಿಯಲ್ಲಿ ಚರ್ಚೆಗೆ ಇಡುತ್ತೇನೆ. ಉಳಿದಿರುವುದು ಒಂದೇ: ಜನರ ಎದುರು ಆಡಿಸದೆ ಪ್ರೋಗ್ರಾಂ ಚೆನ್ನಾಗಿದೆಯೆಂದು ಅವರು ಹೇಗೆ ತೋರಿಸಬೇಕು?

ಗಣಿತದಾಕೆ (ಧಾರವಾಡ):

ಹೆರಾಲ್ಡ್ ಕೂನ್ 1950ರಲ್ಲಿ ರೂಪಿಸಿದ ಮೂರು ಎಲೆಗಳ ಪೋಕರ್‌ನಿಂದ ಆರಂಭಿಸಲಿ. ರಾಜ, ರಾಣಿ, ಗುಲಾಮ, ಇಷ್ಟೇ ಎಲೆಗಳು. ಇಬ್ಬರೂ ಒಂದೊಂದು ನಾಣ್ಯ ಇಟ್ಟು ಒಂದೊಂದು ಎಲೆ ಪಡೆಯುತ್ತಾರೆ, ಮೇಲೆ ಕಟ್ಟಬಹುದಾದ ಬಾಜಿಯೂ ಒಂದೇ ನಾಣ್ಯ. ಇದರ ಸರಿಯುತ್ತರ ಕಾಗದದ ಮೇಲೆಯೇ ಸಿಗುತ್ತದೆ: ಇಬ್ಬರೂ ತಪ್ಪಿಲ್ಲದೆ ಆಡಿದರೆ ಮೊದಲ ಆಟಗಾರ ಪ್ರತಿ ಆಟಕ್ಕೆ ಸರಾಸರಿ 1/18 ನಾಣ್ಯ ಕಳೆದುಕೊಳ್ಳುತ್ತಾನೆ. ಮೊದಲನೆಯವ ಬಾಜಿ ಕಟ್ಟದೆ ಬಿಟ್ಟಾಗ, ಎರಡನೆಯವ ಗುಲಾಮ ಹಿಡಿದು ಮೂರರಲ್ಲಿ ಒಂದು ಸಲ ಬ್ಲಫ್ ಮಾಡಬೇಕು. ಮೊದಲನೆಯವ ಬಾಜಿ ಕಟ್ಟಿದಾಗ, ರಾಣಿ ಹಿಡಿದು ಮೂರರಲ್ಲಿ ಒಂದು ಸಲ ಎಲೆ ನೋಡಬೇಕು. ತೀರ್ಮಾನದ ಸನ್ನಿವೇಶಗಳು ಒಟ್ಟು 12 ಮಾತ್ರ ಇರುವುದರಿಂದ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಪ್ರೋಗ್ರಾಂ ತನ್ನೊಡನೆ ತಾನೇ ಆಡಿ ಈ ಪ್ರಮಾಣಗಳಿಗೆ ಬಂದು ನಿಂತರೆ ಕೆಲಸ ಸರಿಯಾಗಿದೆ. ಕೊನೆಯ ಆಟದ ತಂತ್ರವನ್ನು ನೋಡದೆ ಎಲ್ಲ ಆಟಗಳ ಸರಾಸರಿಯನ್ನೇ ನೋಡುವಂತೆ ಹೇಳಿ, ಇಲ್ಲವಾದರೆ ಸಂಖ್ಯೆಗಳು ಓಲಾಡುತ್ತಲೇ ಇರುತ್ತವೆ. ಆಮೇಲೆ, ಆ ತಂತ್ರವನ್ನು ಪೂರ್ತಿ ಬಲ್ಲ ಅತ್ಯಂತ ಜಾಣ ಎದುರಾಳಿ ಅದರಿಂದ ಎಷ್ಟು ಕಿತ್ತುಕೊಳ್ಳಬಲ್ಲ ಎಂಬುದನ್ನು ಇನ್ನೊಂದು ಸಣ್ಣ ಪ್ರೋಗ್ರಾಂ ಬರೆದು ಲೆಕ್ಕಿಸಲಿ, ಆಟಗಳ ಸಂಖ್ಯೆ ಏರಿದಂತೆ ಆ ಮೊತ್ತ ಹೇಗೆ ಇಳಿಯುತ್ತದೆಂದು ನಕ್ಷೆ ಬರೆಯಲಿ. ಸೆಫಿಯಸ್‌ನ ಬಲವನ್ನು ಅದರ ಕರ್ತೃಗಳು ಅಳೆದದ್ದೂ ಇದೇ ಅಳತೆಗೋಲಿನಿಂದ. ಮನುಷ್ಯರ ಎದುರು ಆಡಿಸಲೇಬೇಕೆಂದರೆ ಕಾಲೇಜಿನ ಪ್ರಯೋಗಾಲಯದಲ್ಲಿ, ಎದುರಿಗಿರುವುದು ಪ್ರೋಗ್ರಾಂ ಎಂದು ಫಲಕ ಹಾಕಿ, ಹಣದ ಬದಲು ಅಂಕಗಳನ್ನಿಟ್ಟು ಆಡಿಸಲಿ. ನಾನೂ ಒಂದು ದಿನ ಬಂದು ಆಡುತ್ತೇನೆ.