ನೆಬ್ರಾಸ್ಕಾ 2025: ರೂಲ್‌ಗೆ ಮೂರನೇ ವರ್ಷ, ನಮಗೆ ಮತ್ತೆ ಅದೇ ನವೆಂಬರ್?

ಕೆಂಪು ಜರ್ಸಿ:
ಆಗಸ್ಟ್ 28ಕ್ಕೆ ಕ್ಯಾನ್ಸಸ್ ಸಿಟಿಯ ಆ್ಯರೋಹೆಡ್ ಸ್ಟೇಡಿಯಂನಲ್ಲಿ ಸಿನ್ಸಿನಾಟಿ ಜೊತೆ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಮೊದಲ ಮ್ಯಾಚ್. ನೆಬ್ರಾಸ್ಕಾ ಅಭಿಮಾನಿಗಳ ಬಾಯಲ್ಲಿ ಈಗ ಒಂದೇ ಮಾತು: ಕೋಚ್ ಮ್ಯಾಟ್ ರೂಲ್‌ಗೆ ಇದು ಮೂರನೇ ವರ್ಷ. ಹಿಂದೆ ಟೆಂಪಲ್ ಯೂನಿವರ್ಸಿಟಿಯಲ್ಲಿ ಅವರ ಮೊದಲ ವರ್ಷ 2-10 (2 ಗೆಲುವು, 10 ಸೋಲು), ಮೂರನೇ ವರ್ಷ 10-4. ಬೇಲರ್‌ನಲ್ಲಿ 1-11ರಿಂದ ಶುರು ಮಾಡಿ ಮೂರನೇ ವರ್ಷ 11-3. ನಮ್ಮಲ್ಲಿ 5-7 ಆಯಿತು, ಕಳೆದ ವರ್ಷ 7-6 ಆಯಿತು, ಹಾಗಾಗಿ ಈ ಸಲ ಹತ್ತು ಗೆಲುವು ಗ್ಯಾರಂಟಿ ಅಂತ ಎಲ್ಲರ ಲೆಕ್ಕ. ನನಗಂತೂ ಇದು ಅಷ್ಟು ಸಲೀಸು ಅನ್ನಿಸುತ್ತಿಲ್ಲ. ಕೋಚ್‌ಗಳು ಬದಲಾದರು, ಆದರೆ ಈ ತಂಡ ಸೋಲುವ ರೀತಿ ಬದಲಾಗಿಲ್ಲ. ನೀವೆಲ್ಲ ಏನಂತೀರಿ?

ಜೋಳದ ತೆನೆ:
ಸೀಸನ್ ಶುರುವಾಗುವ ಮೊದಲೇ ಅಪಶಕುನ ಯಾಕ್ರೀ? ಕಳೆದ ವರ್ಷ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಡಿಲನ್ ರಯೋಲಾ ಇನ್ನೂ ಫ್ರೆಶ್‌ಮನ್, ಅಂದರೆ ಮೊದಲ ವರ್ಷದ ಹುಡುಗ. ಆದರೂ 2,819 ಯಾರ್ಡ್ ಎಸೆದ. 2016ರ ನಂತರ ಮೊದಲ ಸಲ ಬೌಲ್ ಮ್ಯಾಚ್ (ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಹೆಚ್ಚುವರಿ ಮ್ಯಾಚ್) ಆಡಿದೆವು, ಯಾಂಕೀ ಸ್ಟೇಡಿಯಂನಲ್ಲಿ ಬೋಸ್ಟನ್ ಕಾಲೇಜನ್ನು 20-15ರಲ್ಲಿ ಸೋಲಿಸಿದೆವು. ವಿಸ್ಕಾನ್ಸಿನ್ ಮೇಲೆ ಸತತ ಹತ್ತು ಸೋಲಾಗಿತ್ತು, ಅದನ್ನೂ 44-25ರಲ್ಲಿ ಮುರಿದೆವು. ಈಗ ಕೆಂಟಕಿಯಿಂದ ಡೇನ್ ಕೀ, ಕ್ಯಾಲ್‌ನಿಂದ ನೈಜೈಯಾ ಹಂಟರ್ ಬಂದಿದ್ದಾರೆ. ಚೆಂಡು ಹಿಡಿಯುವವರೇ ಇಲ್ಲ ಅನ್ನುವ ದೂರು ಈ ಸಲ ನಡೆಯುವುದಿಲ್ಲ.

ನಾಲ್ಕನೇ ಡೌನ್:
2,819 ಯಾರ್ಡ್ ಸರಿ. ಅದರ ಜೊತೆಗೆ 13 ಟಚ್‌ಡೌನ್ (ಚೆಂಡು ಎದುರಾಳಿಯ ಗೋಲ್ ಗೆರೆ ದಾಟಿದ್ದು), 11 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈ ಸೇರಿದ್ದು) ಅಂತಲೂ ಇದೆ. ಅರ್ಧ ಮಾರ್ಕ್ಸ್ ಕಾರ್ಡ್ ತೋರಿಸಿದರೆ ಹೇಗೆ?

ನನ್ನ ಲೆಕ್ಕ ಬೇರೆ. ಎಂಟು ಅಥವಾ ಅದಕ್ಕಿಂತ ಕಡಿಮೆ ಪಾಯಿಂಟ್ ಅಂತರದ ಮ್ಯಾಚ್‌ಗಳನ್ನಷ್ಟೇ ತೆಗೆದುಕೊಳ್ಳಿ. ಹಿಂದಿನ ಕೋಚ್ ಸ್ಕಾಟ್ ಫ್ರಾಸ್ಟ್ ಕಾಲದಲ್ಲಿ ಅಂಥವುಗಳಲ್ಲಿ 5 ಗೆಲುವು, 22 ಸೋಲು. ರೂಲ್ ಬಂದ ಮೇಲೆ 2023ರಲ್ಲಿ 1 ಗೆಲುವು, 5 ಸೋಲು. 2024ರಲ್ಲಿ 2 ಗೆಲುವು, 5 ಸೋಲು. ಫ್ರಾಸ್ಟ್ ಹೋದರು, ಕಾಯಿಲೆ ಹೋಗಲಿಲ್ಲ. ಆದರೆ ಇಂಥ ಮ್ಯಾಚ್‌ಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಯಾವ ತಂಡವೂ ಕೊನೆತನಕ ಹೀಗೇ ಸೋಲುತ್ತಾ ಹೋಗುವುದಿಲ್ಲ. ಇವತ್ತಲ್ಲ ನಾಳೆ ಅರ್ಧಕ್ಕರ್ಧ ಆಗಲೇಬೇಕು. ನನ್ನ ಆಸೆ ನಿಂತಿರುವುದು ಅದರ ಮೇಲೆ, ಮೂರನೇ ವರ್ಷದ ಮ್ಯಾಜಿಕ್ ಮೇಲಲ್ಲ.

ಹಳೇ ಹಸ್ಕರ್:
ಅದೃಷ್ಟ ಅಂತೀರಲ್ಲ, 2021ನ್ನು ಮರೆತಿರಾ? ಆ ವರ್ಷ ನಾವು 3-9. ಒಂಬತ್ತು ಸೋಲೂ ಒಂಬತ್ತು ಪಾಯಿಂಟ್ ಒಳಗೆ. ಇಡೀ ಸೀಸನ್ ಲೆಕ್ಕ ಹಾಕಿದರೆ ಎದುರಾಳಿಗಳಿಗಿಂತ 63 ಪಾಯಿಂಟ್ ಜಾಸ್ತಿ ಹೊಡೆದಿದ್ದೆವು! ಹಾಗೆ ಹೊಡೆದೂ ಒಂಬತ್ತು ಸೋಲೋಕೆ ಬರೀ ದುರದೃಷ್ಟ ಸಾಕಾಗುವುದಿಲ್ಲ.

ಒಂದೊಂದಾಗಿ ನೋಡಿ. ಇಲಿನಾಯ್ ಜೊತೆ ನಮ್ಮವನು ಪಂಟನ್ನು ಗೋಲ್ ಗೆರೆ ಹತ್ತಿರ ಹಿಡಿದು, ತಡವರಿಸಿ, ಸೇಫ್ಟಿ ಕೊಟ್ಟ, ಅಂದರೆ ಎದುರಾಳಿಗೆ ಪುಕ್ಕಟೆ ಎರಡು ಪಾಯಿಂಟ್. ಓಕ್ಲಹೋಮಾ ಜೊತೆ ಟಚ್‌ಡೌನ್ ಆದ ಮೇಲಿನ ಎಕ್ಸ್‌ಟ್ರಾ ಪಾಯಿಂಟ್ ಒದ್ದರೆ ಅವರು ತಡೆದು, ಎತ್ತಿಕೊಂಡು ಓಡಿ ಎರಡು ಪಾಯಿಂಟ್ ಮಾಡಿಕೊಂಡರು. ಮಿಶಿಗನ್ ಸ್ಟೇಟ್ ಜೊತೆ ಏಳು ಪಾಯಿಂಟ್ ಮುಂದಿದ್ದೆವು. ಚೆಂಡನ್ನು ಒದೆಯಬೇಕಿದ್ದ ಕಡೆ ಬಿಟ್ಟು ಇನ್ನೊಂದು ಕಡೆ ಒದ್ದರು, ಅವನು ಸೀದಾ ಟಚ್‌ಡೌನ್‌ಗೆ ಓಡಿದ, ಓವರ್‌ಟೈಮ್‌ನಲ್ಲಿ ಸೋತೆವು. ಅಯೋವಾ ಜೊತೆ 21-6 ಮುಂದಿದ್ದವರು. ಪಂಟ್ ತಡೆಸಿಕೊಂಡು ಟಚ್‌ಡೌನ್ ಕೊಟ್ಟು 28-21ರಲ್ಲಿ ಸೋತೆವು.

ಮುಂದಿನ ವರ್ಷ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಮೇಲೆ 28-17 ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್ (ಚೆಂಡನ್ನು ಮತ್ತೆ ತಾವೇ ಹಿಡಿಯೋಕೆ ಹತ್ತಿರಕ್ಕೇ ಒದೆಯೋದು) ಆಡಿಸಿದರು. ಯಾರು ಕೇಳಿದ್ದರು ಅದನ್ನ? 31-28ರಲ್ಲಿ ಸೋಲು. ಎರಡು ಮ್ಯಾಚ್ ಆದ ಮೇಲೆ ಜಾರ್ಜಿಯಾ ಸದರ್ನ್ ಜೊತೆ ಸೋತರು, ಮಾರನೇ ದಿನ ಕೆಲಸ ಹೋಯಿತು.

ಇದೆಲ್ಲ ನಾಣ್ಯ ಚಿಮ್ಮಿದ ಹಾಗೆ ಆಗಿದ್ದಲ್ಲ ಸ್ವಾಮಿ. ಒದೆಯೋಕೆ ಬರಲ್ಲ, ಒದ್ದಿದ್ದನ್ನು ಹಿಡಿಯೋಕೆ ಬರಲ್ಲ, ಅಷ್ಟೇ.

ಹೊಸಬ:
ನಾನು ಇಲ್ಲಿಗೆ ಓದೋಕೆ ಬಂದವನು, ಆಟ ಈಗಷ್ಟೇ ಅರ್ಥ ಆಗ್ತಾ ಇದೆ. ಪಂಟ್ ಅಂದರೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವುದು ತಾನೇ? ಬಿಟ್ಟುಕೊಡೋ ಕೆಲಸದಲ್ಲಿ ಮ್ಯಾಚ್ ಸೋಲೋದು ಹೇಗೆ?

ಹಳೇ ಹಸ್ಕರ್:
ಒಳ್ಳೇ ಪ್ರಶ್ನೆ ಮಗಾ. ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದುಬಿಡುತ್ತಾರೆ. ಕೊಡುವುದು ಹೇಗೂ ಕೊಡಬೇಕು, ಎಲ್ಲಿ ಕೊಡ್ತೀವಿ ಅನ್ನೋದೇ ವಿಷಯ. ಅವರು ತಮ್ಮ ಹತ್ತನೇ ಯಾರ್ಡಿನಿಂದ ಶುರು ಮಾಡುವುದಕ್ಕೂ ನಲವತ್ತರಿಂದ ಶುರು ಮಾಡುವುದಕ್ಕೂ ಅಜಗಜಾಂತರ. ಪಂಟ್, ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಪಾಯಿಂಟ್ ಗಳಿಸೋದು), ಕಿಕಾಫ್ ಎಲ್ಲ ನೋಡಿಕೊಳ್ಳುವವರಿಗೆ ಸ್ಪೆಷಲ್ ಟೀಮ್ಸ್ ಅಂತಾರೆ. ನಮ್ಮದು ಬೇರೆ ಅರ್ಥದಲ್ಲಿ ಸ್ಪೆಷಲ್.

ಅಯೋವಾ ಅಳಿಯ:
ನಮಸ್ಕಾರ ಎಲ್ಲರಿಗೂ. ಪಕ್ಕದ ರಾಜ್ಯದಿಂದ ಸುಮ್ನೆ ಇಣುಕಿದೆ. 13-10, ಹೇಗಿದ್ದೀರಾ?

ಕೆಂಪು ಜರ್ಸಿ:
ಬಂದ್ರಪ್ಪಾ. ಹೊಸಬರಿಗೆ ಗೊತ್ತಿರಲಿ ಅಂತ ಹೇಳ್ತೀನಿ. 2023ರಲ್ಲಿ ಮಿನೆಸೋಟಾ ನಮ್ಮನ್ನು 13-10ರಲ್ಲಿ ಸೋಲಿಸಿತು. ಮೇರಿಲ್ಯಾಂಡ್ ಕೂಡ 13-10. ಅಯೋವಾ ಕೂಡ 13-10. 2024ರಲ್ಲಿ ಮತ್ತೆ ಅಯೋವಾ, ಮತ್ತೆ 13-10. ಎರಡು ಸೀಸನ್‌ನಲ್ಲಿ ನಾಲ್ಕು ಸಲ ಒಂದೇ ಸ್ಕೋರು.

ಅಯೋವಾ ಅಳಿಯ:
ಕಳೆದ ವರ್ಷದ್ದು ನಾನೇ ನಂಬಲಿಲ್ಲ. ಅರ್ಧ ಮ್ಯಾಚ್ ಮುಗಿದಾಗ ನೀವು 10-0 ಮುಂದೆ. ನಮ್ಮವರಿಗೆ ನಾಲ್ಕು ಹೆಜ್ಜೆ ಚೆಂಡು ತರೋಕೆ ಆಗ್ತಾ ಇರಲಿಲ್ಲ. ಆಮೇಲೆ ಕೇಲಬ್ ಜಾನ್ಸನ್ ಒಂದು ಸಣ್ಣ ಪಾಸ್ ಹಿಡಿದು ಓಡಿಬಿಟ್ಟ. ಕೊನೇ ನಿಮಿಷದಲ್ಲಿ ರಯೋಲಾ ಕೈಯಿಂದ ಚೆಂಡು ಜಾರಿತು, ನಮ್ಮ ಡ್ರೂ ಸ್ಟೀವನ್ಸ್ 53 ಯಾರ್ಡ್‌ನಿಂದ ಒದ್ದು ಮುಗಿಸಿದ. ಗೆಲ್ಲೋಕೆ ನಾವೇನೂ ದೊಡ್ಡದು ಮಾಡಲಿಲ್ಲ, ಕಾದೆವು. 2015ರಿಂದ ಹತ್ತರಲ್ಲಿ ಒಂಬತ್ತು ಸಲ ಕಾದಿದ್ದು ಫಲ ಕೊಟ್ಟಿದೆ.

ಜೋಳದ ತೆನೆ:
2022ರಲ್ಲಿ ನಿಮ್ಮ ಮೈದಾನದಲ್ಲೇ 24-17 ಹೊಡೆದಿದ್ದೆವಲ್ಲ, ಅದನ್ನೂ ಹೇಳಿ.

ಅಯೋವಾ ಅಳಿಯ:
ಅದೇ ಹತ್ತನೆಯದು ಅಕ್ಕಾ.

ನಾಲ್ಕನೇ ಡೌನ್:
ಹಳೇ ಹಸ್ಕರ್ ಸಾರ್, ನಿಮ್ಮ ಮಾತು ಪೂರ್ತಿ ತಳ್ಳಿಹಾಕಲ್ಲ. ಆದರೆ ನೀವು ಕೊಟ್ಟ ಉದಾಹರಣೆಯೆಲ್ಲ ಫ್ರಾಸ್ಟ್ ಕಾಲದ್ದು. 2023ರಲ್ಲಿ ತೊಂದರೆ ಬೇರೆ ಇತ್ತು, ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳೋಕೇ ಬರಲಿಲ್ಲ. ಜೆಫ್ ಸಿಮ್ಸ್, ಹಾರ್ಬರ್ಗ್, ಪರ್ಡಿ, ಮೂರು ಕ್ವಾರ್ಟರ್‌ಬ್ಯಾಕ್ ಆಡಿದರು, ಮೂವರೂ ಚೆಂಡು ಬಿಟ್ಟರು. ಬೌಲ್‌ಗೆ ಇನ್ನೊಂದು ಗೆಲುವು ಸಾಕಿತ್ತು, ಕೈಯಲ್ಲಿ ನಾಲ್ಕು ಮ್ಯಾಚ್ ಇತ್ತು. ಮಿಶಿಗನ್ ಸ್ಟೇಟ್‌ಗೆ 3, ಮೇರಿಲ್ಯಾಂಡ್‌ಗೆ 3, ವಿಸ್ಕಾನ್ಸಿನ್‌ಗೆ ಓವರ್‌ಟೈಮ್‌ನಲ್ಲಿ 7, ಅಯೋವಾಗೆ 3. ಒಟ್ಟು 16 ಪಾಯಿಂಟ್‌ನಲ್ಲಿ ನಾಲ್ಕು ಸೋಲು. ಇದನ್ನು ಪಂಟರ್ ತಲೆಗೆ ಕಟ್ಟೋಕೆ ಆಗಲ್ಲ.

ಹಳೇ ಹಸ್ಕರ್:
ನಾನೂ ಅದನ್ನೇ ಹೇಳ್ತಿರೋದು. ಪಂಟ್ ಆಗಲಿ, ಫಂಬಲ್ (ಕೈಯಿಂದ ಚೆಂಡು ಜಾರೋದು) ಆಗಲಿ, ಬೇರು ಒಂದೇ. ಗೆಲ್ಲೋ ಜಾಗಕ್ಕೆ ಬಂದ ಮೇಲೆ ಕೈ ನಡುಗುತ್ತೆ. ಟಾಮ್ ಆಸ್ಬೋರ್ನ್ 1973ರಿಂದ 1997ರವರೆಗೆ ಕೋಚ್ ಆಗಿದ್ದರು. ಒಂದು ಸೀಸನ್‌ನಲ್ಲೂ ಒಂಬತ್ತಕ್ಕಿಂತ ಕಡಿಮೆ ಗೆಲುವಿಲ್ಲ. 1994, 1995, 1997, ನಾಲ್ಕು ವರ್ಷದಲ್ಲಿ ಮೂರು ರಾಷ್ಟ್ರೀಯ ಪಟ್ಟ. ಆಗ ನಾಲ್ಕನೇ ಕ್ವಾರ್ಟರ್‌ನಲ್ಲಿ ಎದುರಾಳಿಗೆ ಕೈ ನಡುಗುತ್ತಿತ್ತು.

ಹೊಸಬ:
ಸಾರ್, ನಾನು ಹುಟ್ಟುವ ಮೊದಲಿನ ಕಥೆ ಅದು.

ಜೋಳದ ತೆನೆ:
😂 ಹಳಬರಿಗೆ 1990ರ ದಶಕ ಬಿಟ್ಟರೆ ಬೇರೆ ವರ್ಷವೇ ಇಲ್ಲ. ಇದೇ ಗುಂಗಿನಲ್ಲಿ ಕೋಚ್ ಬೋ ಪೆಲಿನಿಯನ್ನು 2014ರಲ್ಲಿ ಕಳಿಸಿದ್ದು. ಏಳು ಸೀಸನ್, ಪ್ರತಿ ಸೀಸನ್ ಒಂಬತ್ತೋ ಹತ್ತೋ ಗೆಲುವು. ಸಾಲದು ಅಂದರು. ಅವರ ನಂತರ ಬಂದ ಮೈಕ್ ರೈಲಿಯದ್ದು ಮೂರು ವರ್ಷಕ್ಕೆ 19-19. ಈಗ ಒಂಬತ್ತು ಗೆಲುವು ಬಂದರೆ ನಮ್ಮ ತಂಡದ ಊರು ಲಿಂಕನ್‌ನಲ್ಲಿ ಮೆರವಣಿಗೆ ಮಾಡ್ತಾರೆ.

ಕೆಂಪು ಜರ್ಸಿ:
ಪೆಲಿನಿ ವಿಷಯ ಎತ್ತಿದರೆ ರಾತ್ರಿಯೆಲ್ಲ ಅದೇ ಆಗುತ್ತೆ, ಬಿಡಿ. ಈ ಸೀಸನ್‌ಗೆ ಬನ್ನಿ. ನಿಜವಾಗಿ ಏನು ಬದಲಾಗಿದೆ?

ಜೋಳದ ತೆನೆ:
ಮುಖ್ಯವಾಗಿ ಆಫೆನ್ಸ್ (ಪಾಯಿಂಟ್ ಹೊಡೆಯುವ ಆಟ) ಕೋಚ್ ಡೇನಾ ಹೋಲ್ಗರ್ಸನ್. ಕಳೆದ ನವೆಂಬರ್‌ನಲ್ಲಿ ಬಂದರು, ಸೀಸನ್ ನಡುವೆಯೇ ಆಫೆನ್ಸ್ ಕೈಗೆ ತೆಗೆದುಕೊಂಡರು. ಅವರ ಎರಡನೇ ಮ್ಯಾಚ್‌ಗೇ ವಿಸ್ಕಾನ್ಸಿನ್ ಮೇಲೆ 44. ಆ ಚಳಿಯಲ್ಲಿ ಅಷ್ಟು ಪಾಯಿಂಟ್ ನೋಡಿ ಎಷ್ಟು ಕಾಲ ಆಗಿತ್ತು! ಈಗ ಅವರಿಗೆ ಪೂರ್ತಿ ಒಂದು ಬೇಸಿಗೆ ಸಿಕ್ಕಿದೆ. ರಯೋಲಾಗೂ ಇದು ಎರಡನೇ ವರ್ಷ. ಮೊದಲ ವರ್ಷ ಚೆಂಡನ್ನು ತುಂಬಾ ಹೊತ್ತು ಹಿಡಿದು ನಿಲ್ಲುತ್ತಿದ್ದ, ಅಯೋವಾ ಮ್ಯಾಚ್‌ನ ಆ ಫಂಬಲ್ ಕೂಡ ಹಾಗೇ ಆಗಿದ್ದು. ಬೇಗ ಎಸೆಯೋದು ಕಲಿತರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಹಳೇ ಹಸ್ಕರ್:
ನನಗೆ ಅದಕ್ಕಿಂತ ಮುಖ್ಯ ಮೈಕ್ ಎಕ್ಲರ್. ಟೆನೆಸೀಯಿಂದ ಕರೆಸಿ ಸ್ಪೆಷಲ್ ಟೀಮ್ಸ್ ಕೊಟ್ಟಿದ್ದಾರೆ. ಪತ್ರಿಕೆಯವರು ಕ್ವಾರ್ಟರ್‌ಬ್ಯಾಕ್ ಬಗ್ಗೆ ಪುಟಗಟ್ಟಲೆ ಬರೀತಾರೆ, ಇವರ ಬಗ್ಗೆ ನಾಲ್ಕು ಸಾಲು. ಕಳೆದ ವರ್ಷ ಪರ್ಡೂ ಜೊತೆ ಗೆದ್ದ ಮ್ಯಾಚಿನಲ್ಲೂ ಫೀಲ್ಡ್ ಗೋಲ್ ಮೇಲೆ ಫೀಲ್ಡ್ ಗೋಲ್ ಕಳೆದುಕೊಂಡಿದ್ದೆವು. ಗೆದ್ದ ಖುಷಿಯಲ್ಲಿ ಯಾರೂ ಆ ಕಡೆ ನೋಡಲಿಲ್ಲ.

ನಾಲ್ಕನೇ ಡೌನ್:
ನನ್ನ ಭಯ ಇಬ್ಬರೂ ಹೇಳದ ಕಡೆ ಇದೆ. ಎರಡು ವರ್ಷ ನಮ್ಮನ್ನು ಉಳಿಸಿದ್ದು ಡಿಫೆನ್ಸ್. ಹತ್ತು ಪಾಯಿಂಟ್ ಹೊಡೆದೂ ಕೊನೇ ನಿಮಿಷದವರೆಗೆ ಪೈಪೋಟಿ ಕೊಟ್ಟಿದ್ದು ಅದರಿಂದಲೇ. ಈಗ ಡಿಫೆನ್ಸ್ ಕೋಚ್ ಟೋನಿ ವೈಟ್ ಫ್ಲಾರಿಡಾ ಸ್ಟೇಟ್‌ಗೆ ಹೋದರು, ಅವರ ಜಾಗಕ್ಕೆ ಜಾನ್ ಬಟ್ಲರ್. ಮಧ್ಯದಲ್ಲಿ ಗೋಡೆಯಂತೆ ನಿಂತಿದ್ದ ಟೈ ರಾಬಿನ್ಸನ್, ನ್ಯಾಶ್ ಹಟ್‌ಮಾಕರ್ ಇಬ್ಬರೂ ಕಾಲೇಜು ಮುಗಿಸಿ ಹೋದರು. ಮಧ್ಯದಲ್ಲಿ ಜಾಗ ಬಿಟ್ಟರೆ ನಮ್ಮ ಲೀಗ್ ಬಿಗ್ ಟೆನ್‌ನಲ್ಲಿ ಎಲ್ಲರೂ ಅಲ್ಲೇ ನುಗ್ಗುತ್ತಾರೆ. ಆಫೆನ್ಸ್ ಏಳು ಪಾಯಿಂಟ್ ಜಾಸ್ತಿ ಹೊಡೆದು, ಡಿಫೆನ್ಸ್ ಹತ್ತು ಜಾಸ್ತಿ ಕೊಟ್ಟರೆ ನಾವು ನಿಂತಲ್ಲೇ ನಿಂತಿರ್ತೀವಿ, ಇಲ್ಲಾ ಹಿಂದೆ ಹೋಗ್ತೀವಿ.

ಅಯೋವಾ ಅಳಿಯ:
ಇದು ಸರಿಯಾದ ಮಾತು. ಹೊರಗಿನಿಂದ ನೋಡುವವನಿಗೆ ನಿಮ್ಮ ಡಿಫೆನ್ಸ್ ಮೇಲೇ ಗೌರವ ಇದ್ದಿದ್ದು. ರಯೋಲಾಗೆ ನಾವು ಹೆದರಲಿಲ್ಲ, ಆ ಹಟ್‌ಮಾಕರ್‌ಗೆ ಹೆದರುತ್ತಿದ್ದೆವು.

ಕೆಂಪು ಜರ್ಸಿ:
ವೇಳಾಪಟ್ಟಿ ಮಾತ್ರ ನಮ್ಮ ಕಡೆ ಇದೆ. ಒಹಾಯೊ ಸ್ಟೇಟ್ ಇಲ್ಲ, ಆರೆಗಾನ್ ಇಲ್ಲ, ಕಳೆದ ವರ್ಷ 56-7 ಹೊಡೆದ ಇಂಡಿಯಾನಾ ಇಲ್ಲ. ಮಿಶಿಗನ್, ಯುಎಸ್‌ಸಿ, ಅಯೋವಾ ಮೂವರೂ ಲಿಂಕನ್‌ಗೇ ಬರ್ತಾರೆ. ಆದರೆ ನವೆಂಬರ್ ನೋಡಿ: ಯುಎಸ್‌ಸಿ, ಯುಸಿಎಲ್‌ಎ, ಪೆನ್ ಸ್ಟೇಟ್, ಅಯೋವಾ. ರೂಲ್ ಬಂದ ಮೇಲೆ ನವೆಂಬರ್‌ನಲ್ಲಿ ಎಂಟು ಮ್ಯಾಚ್, ಒಂದೇ ಗೆಲುವು. ಕಳೆದ ವರ್ಷ 5-1 ಇದ್ದವರು ಸತತ ನಾಲ್ಕು ಸೋತೆವು. ಅಕ್ಟೋಬರ್‌ನಲ್ಲಿ ಎಷ್ಟೇ ಕುಣಿದರೂ ನಾನು ನಂಬಲ್ಲ.

ಹೊಸಬ:
ಇಷ್ಟೆಲ್ಲ ಸೋತರೂ ಸ್ಟೇಡಿಯಂ ತುಂಬುತ್ತೆ ಅಂತಾರಲ್ಲ, ನಿಜಾನಾ?

ಹಳೇ ಹಸ್ಕರ್:
1962ರ ನವೆಂಬರ್‌ನಿಂದ ಮೆಮೋರಿಯಲ್ ಸ್ಟೇಡಿಯಂನಲ್ಲಿ ಪ್ರತಿ ಮ್ಯಾಚ್‌ನ ಟಿಕೆಟ್ ಪೂರ್ತಿ ಮಾರಾಟ. ಈ ರಾಜ್ಯದಲ್ಲಿ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ತಂಡ ಇಲ್ಲ, ಇರೋದು ಇದೊಂದೇ. ಮ್ಯಾಚ್ ದಿನ ಆ ಸ್ಟೇಡಿಯಂ ರಾಜ್ಯದ ಮೂರನೇ ದೊಡ್ಡ ಊರು ಅಂತ ಹೇಳ್ತಾರೆ.

ನಾಲ್ಕನೇ ಡೌನ್:
ಅದೇ ಅಭಿಮಾನಿಗಳಿಗೆ ಕೊಟ್ಟಿದ್ದೇನು? ರ‍್ಯಾಂಕ್ ಇರುವ, ಅಂದರೆ ದೇಶದ ಟಾಪ್ 25ರ ತಂಡದ ಮೇಲೆ ನಾವು ಕೊನೇ ಸಲ ಗೆದ್ದಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಆರೆಗಾನ್ ಮೇಲೆ. ಮೂರನೇ ವರ್ಷದ ಮಾತು ನಿಜ ಆಗಬೇಕಾದರೆ ಮೊದಲು ಇದು ಮುರೀಬೇಕು. ಟೆಂಪಲ್, ಬೇಲರ್ ಉದಾಹರಣೆ ಕೊಡುವವರು ಒಂದು ಮರೀತಾರೆ. ಆ ಲೀಗ್‌ಗಳೇ ಬೇರೆ. ಹದಿನೆಂಟು ತಂಡಗಳ ಬಿಗ್ ಟೆನ್‌ನಲ್ಲಿ ನಾವು ಸುಧಾರಿಸುವಾಗ ಉಳಿದವರೇನು ಸುಮ್ಮನೆ ಕೂತಿರಲ್ಲ.

ಜೋಳದ ತೆನೆ:
ಸರಿ, ಎಲ್ಲರೂ ಒಂದು ಸಂಖ್ಯೆ ಹೇಳಿಬಿಡಿ. ನನ್ನದು 9-3. ಮಿಶಿಗನ್ ಮೇಲೂ ಗೆಲ್ತೀವಿ.

ನಾಲ್ಕನೇ ಡೌನ್:
8-4. ಹತ್ತಿರದ ಮ್ಯಾಚ್‌ಗಳಲ್ಲಿ ಅರ್ಧ ಗೆದ್ದರೆ ಅಲ್ಲಿಗೇ ಬರುತ್ತೆ.

ಕೆಂಪು ಜರ್ಸಿ:
7-5. ಪೆನ್ ಸ್ಟೇಟ್‌ನಲ್ಲಿ ಸೋಲು ಈಗಲೇ ಬರೆದಿಟ್ಟಿದ್ದೀನಿ.

ಹಳೇ ಹಸ್ಕರ್:
ಸಂಖ್ಯೆ ಹೇಳಲ್ಲ. ಸೆಪ್ಟೆಂಬರ್ 20ಕ್ಕೆ ಮಿಶಿಗನ್ ಬರುತ್ತಲ್ಲ, ಆ ಮ್ಯಾಚಿನಲ್ಲಿ ನಮ್ಮ ಮೊದಲ ಪಂಟ್ ಎಲ್ಲಿ ಬೀಳುತ್ತೆ ನೋಡಿ ಹೇಳ್ತೀನಿ.

ಅಯೋವಾ ಅಳಿಯ:
ನವೆಂಬರ್ 28ರದ್ದು ಮಾತ್ರ ನಾನು ಹೇಳಬಲ್ಲೆ.

ಜೋಳದ ತೆನೆ:
ಅದನ್ನು ಹೇಳಿದ್ರೆ ಬ್ಲಾಕ್ ಮಾಡ್ತೀನಿ ನೋಡಿ.