40 ಜನರ ಹೌಸ್‌ಕೀಪಿಂಗ್ ಆರ್ಡರ್, 60 ದಿನದ ಕ್ರೆಡಿಟ್: ಹಿಡಿಯಲಾ, ಬಿಡಲಾ?

ಹೂಟಗಳ್ಳಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನನ್ನದೊಂದು ಸಣ್ಣ ಹೌಸ್‌ಕೀಪಿಂಗ್ ಏಜೆನ್ಸಿ ಇದೆ. 2017ರಲ್ಲಿ ನಾನೂ ಸೇರಿ ನಾಲ್ಕು ಹೆಂಗಸರು ಮಾಪ್ ಹಿಡಿದು ಶುರು ಮಾಡಿದ್ದು. ಈಗ 34 ಜನ ಇದ್ದಾರೆ. ಮೂರು ಅಪಾರ್ಟ್‌ಮೆಂಟ್, ಒಂದು ಶಾಲೆ, ಒಂದು ಸಣ್ಣ ಫ್ಯಾಕ್ಟರಿ. ಎಲ್ಲರೂ 10ನೇ ತಾರೀಖಿನೊಳಗೆ ದುಡ್ಡು ಹಾಕುತ್ತಾರೆ.

ಈಗ ಒಂದು ಖಾಸಗಿ ಆಸ್ಪತ್ರೆಯವರು ಒಂದೇ ಸಲ 40 ಜನ ಬೇಕು ಅನ್ನುತ್ತಿದ್ದಾರೆ. ಸಂಬಳ, ಪಿಎಫ್, ಇಎಸ್‌ಐ ಎಲ್ಲ ಸೇರಿ ಒಬ್ಬರಿಗೆ 18,000 ಬೀಳುತ್ತದೆ. ಅದರ ಮೇಲೆ ನನಗೆ 8% ಸರ್ವಿಸ್ ಚಾರ್ಜ್. ಅಂದರೆ ತಿಂಗಳಿಗೆ 57,600. ಆದರೆ ಬಿಲ್ ಕೊಟ್ಟ 60 ದಿನಕ್ಕೆ ಪೇಮೆಂಟ್.

ಒಂದು ಸಲ ಫ್ಯಾಕ್ಟರಿಯವರ ಚೆಕ್ ತಡವಾಗಿ, ನಾನು ಸಂಬಳ ನಾಲ್ಕು ದಿನ ತಡ ಮಾಡಿದ್ದೆ. 7ನೇ ತಾರೀಖು ಸಂಜೆ ಆಫೀಸ್ ಮೆಟ್ಟಿಲ ಮೇಲೆ ಹನ್ನೊಂದು ಜನ ಕೂತಿದ್ದರು. ಯಾರೂ ಜಗಳ ಆಡಲಿಲ್ಲ. ಒಬ್ಬಳು ಮಾತ್ರ, 'ಅಕ್ಕ, ನಾಳೆ ಸಂಘದ ಕಂತು ಕಟ್ಟಬೇಕು' ಅಂದಳು. ಮುಂದಿನ ವಾರ ಐದು ಜನ 500 ರೂಪಾಯಿ ಜಾಸ್ತಿಗೆ ಬೇರೆ ಕಡೆ ಹೋದರು. ಅದಕ್ಕೇ ಭಯ. ಬಿಟ್ಟರೆ ಇಂಥ ಆರ್ಡರ್ ಮತ್ತೆ ಸಿಗುತ್ತದಾ ಅನ್ನುವುದೂ ಭಯವೇ.

ಪೀಣ್ಯ ಹಳಬ:

ಮೇಡಂ, ಹದಿನೆಂಟು ವರ್ಷದಿಂದ ಇದೇ ಕಸುಬು ಮಾಡುತ್ತಿದ್ದೇನೆ. 60 ದಿನದ ವಿಷಯ ಆಮೇಲೆ ನೋಡೋಣ. ಮೊದಲು ಹೇಳಿ, ರಿಲೀವರ್ ದುಡ್ಡು, ಅಂದರೆ ರಜೆಯಲ್ಲಿ ಇರುವವರ ಬದಲಿಗೆ ಬರುವವರ ಕೂಲಿ, ರೇಟಿನಲ್ಲಿ ಇದೆಯಾ?

ಆಸ್ಪತ್ರೆಗೆ ಭಾನುವಾರ ಇಲ್ಲ. ನಿಮ್ಮ ಹುಡುಗಿಯರಿಗೆ ವಾರಕ್ಕೊಂದು ರಜೆ ಕೊಡಲೇಬೇಕು. 40 ಪೋಸ್ಟ್‌ಗೆ ತಿಂಗಳಿಗೆ ನಾಲ್ಕು ರಜೆ ಅಂದರೆ 160 ಶಿಫ್ಟ್. ಒಂದು ಶಿಫ್ಟ್‌ಗೆ 650 ಅಂತ ಕಮ್ಮಿಯೇ ಹಿಡಿದರೂ 1,04,000. ನಿಮ್ಮ ಸರ್ವಿಸ್ ಚಾರ್ಜ್ ಎಷ್ಟಂದಿರಿ, 57,600 ಅಲ್ವಾ? ತಿಂಗಳ ಕೊನೆಗೆ ನೀವೇ ಆಸ್ಪತ್ರೆಗೆ ದುಡ್ಡು ಕೊಟ್ಟು ಗುಡಿಸಿದ ಹಾಗೆ. ನಾನು ಮೊದಲ ದೊಡ್ಡ ಸೈಟಿನಲ್ಲಿ ಹೀಗೇ ಮುಳುಗಿದ್ದು. ಏಳು ತಿಂಗಳು ಆದ ಮೇಲೆ ಗೊತ್ತಾಯಿತು. ಹೆಂಡತಿಯ ಬಳೆ ಅಡ ಇಟ್ಟಾಗಿತ್ತು.

ಇನ್ನೊಂದು. ಆಸ್ಪತ್ರೆ ಕೆಲಸ ಅಪಾರ್ಟ್‌ಮೆಂಟ್ ಥರ ಅಲ್ಲ. ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು ಅಂತ ಕಲಿಸಬೇಕು. ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು ಅನ್ನುವುದೂ ಮೊದಲೇ ಗೊತ್ತಿರಬೇಕು. ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸುವುದು 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯ ಹೊಣೆ. ಅದನ್ನು ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ.

ಲೆಕ್ಕದ ಪುಸ್ತಕ:

ನಾನು ಅಕೌಂಟ್ಸ್ ನೋಡುವವನು, ಲೆಕ್ಕ ಹೇಳುತ್ತೇನೆ. ಮೊದಲ ತಿಂಗಳ ಬಿಲ್ ಎರಡನೇ ತಿಂಗಳ ಶುರುವಿನಲ್ಲಿ ಕೊಡುತ್ತೀರಿ. ದುಡ್ಡು ಬರುವುದು ನಾಲ್ಕನೇ ತಿಂಗಳಿಗೆ. ಅಷ್ಟರಲ್ಲಿ ಎರಡು ತಿಂಗಳ ಸಂಬಳ 14.4 ಲಕ್ಷ. ಜಿಎಸ್‌ಟಿ 18%, ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 1.4 ಲಕ್ಷ. ಅವರು ದುಡ್ಡು ಕೊಡಲಿ ಬಿಡಲಿ, ಅದನ್ನು ನೀವು ಕಟ್ಟಲೇಬೇಕು. ಎರಡು ತಿಂಗಳ ಜಿಎಸ್‌ಟಿಯೂ ಸೇರಿ ಒಟ್ಟು 17 ಲಕ್ಷ ಹೊರಗೆ ಇರುತ್ತದೆ. ಅವರು ಒಂದು ವಾರ ತಡ ಮಾಡಿದರೆ ಮೂರನೇ ಸಂಬಳವೂ ಸೇರಿ 24 ಲಕ್ಷ ದಾಟುತ್ತದೆ. ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿಗೆ 17 ಲಕ್ಷ ತಂದರೆ 25,500 ಬಡ್ಡಿಗೇ ಹೋಯಿತು.

ಆಸ್ಪತ್ರೆಗಳಿಗೆ ಆ ಜಿಎಸ್‌ಟಿ ಬಹುಪಾಲು ವಾಪಸ್ ಸಿಗುವುದಿಲ್ಲ. ರೇಟಿನಲ್ಲಿ ಅಷ್ಟು ಎಳೆದಾಡುವುದಕ್ಕೆ ಅದೂ ಒಂದು ಕಾರಣ.

ಉದ್ಯಮ್ ರಿಜಿಸ್ಟ್ರೇಷನ್, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇದೆಯಾ? ಇದ್ದರೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಪೇಮೆಂಟ್ 45 ದಿನ ಮೀರುವಂತಿಲ್ಲ. ಅಗ್ರಿಮೆಂಟಿನಲ್ಲಿ 60 ಅಂತ ಬರೆದರೂ ನಡೆಯುವುದಿಲ್ಲ. ಆಸ್ಪತ್ರೆ ಟ್ರಸ್ಟ್ ಅಲ್ಲದೆ ಕಂಪನಿಯಾಗಿದ್ದರೆ ಇನ್ನೂ ಒಳ್ಳೆಯದು. 2024ರ ಏಪ್ರಿಲ್‌ನಿಂದ, ಗಡುವು ಮೀರಿದ ಬಾಕಿಯನ್ನು ಕೊಡುವ ತನಕ ಅವರು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಅವರ ಆಡಿಟರ್‌ಗೆ ಈ ಭಾಷೆ ಚೆನ್ನಾಗಿ ಅರ್ಥ ಆಗುತ್ತದೆ.

ಸುಮ್ನೆ ಓದೋನು:

ಕಾಯ್ದೆ ಎಲ್ಲ ಸರಿ ಸಾರ್. ಅನ್ನ ಹಾಕೋ ಗಿರಾಕಿ ಮೇಲೆ ಯಾರು ಕಂಪ್ಲೇಂಟ್ ಕೊಡ್ತಾರೆ?

ಲೆಕ್ಕದ ಪುಸ್ತಕ:

ಕೊಡಬೇಡಿ. ಸಹಿ ಹಾಕುವ ಮುಂಚೆ ಮಾತಾಡಿ. ಆಮೇಲೆ ಆದರೆ ಜಗಳ, ಈಗ ಆದರೆ ಬರೀ ಚೌಕಾಸಿ.

ಹೂಟಗಳ್ಳಿ ಅಕ್ಕ:

ತಡವಾಗಿ ಬಂದೆ, ಕ್ಷಮಿಸಿ. ಹಳಬರೇ, ರಿಲೀವರ್ ದುಡ್ಡು ರೇಟಿನಲ್ಲಿ ಇರಲೇ ಇಲ್ಲ. ಓದಿ ಕೈಕಾಲು ತಣ್ಣಗಾಯಿತು.

ನಿನ್ನೆ ಮತ್ತೆ ಹೋಗಿದ್ದೆ. ಮ್ಯಾನೇಜರ್ ಮುಂದೆ ರಜೆಯ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಇಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. 'ಹಿಂದಿನ ಏಜೆನ್ಸಿಯವರು ಇದನ್ನ ಕೇಳೇ ಇರಲಿಲ್ಲ' ಅಂದರು. ಹಿಂದಿನವರು ಯಾಕೆ ಬಿಟ್ಟು ಹೋದರು ಅಂತ ನಾನು ಕೇಳಲಿಲ್ಲ, ಗೊತ್ತಾಯಿತು.

ರಿಲೀವರ್‌ಗೆ ಬಿಲ್‌ನಲ್ಲಿ ಬೇರೆ ಸಾಲು ಒಪ್ಪಿದರು. 30 ದಿನ ಕೇಳಿದೆ, 45ಕ್ಕೆ ನಿಂತರು. ಲಸಿಕೆ ಅವರೇ ಹಾಕಿಸುತ್ತಾರೆ. 40 ಜನ ಈಗಲೇ ಬೇಡ ಅಂತ ನಾನೇ ಹೇಳಿದೆ. ಹೊರರೋಗಿ ವಿಭಾಗ ಮಾತ್ರ, 14 ಪೋಸ್ಟ್. ಆರು ತಿಂಗಳು ದುಡ್ಡು ಹೇಗೆ ಬರುತ್ತದೆ ನೋಡಿ ಉಳಿದದ್ದು. ನಮ್ಮವರು 'ಕೈಗೆ ಬಂದ ತುತ್ತು ಬಿಟ್ಟೆ' ಅಂತ ಇನ್ನೂ ಮುಖ ಊದಿಸಿಕೊಂಡಿದ್ದಾರೆ.

ಈಗ ಮೂರು ಜನ ರಿಲೀವರ್ ಬೇಕು. ಬೆಳಗ್ಗೆ 6ರ ಶಿಫ್ಟ್. ಇಲವಾಲ ಕಡೆಯವರು ಇದ್ದರೆ ಬಸ್ಸಿಗೆ ಸುಲಭ, ಗೊತ್ತಿದ್ದರೆ ತಿಳಿಸಿ.